ಒತ್ತಕ್ಷರದ ಕೀಪ್ಯಾಡ್, ಕಂತು 4: ಟೋಪಿ ಹಾಕಿದ ಇ

ಒಂದು ಕೀಲಿಗೆ ಒಂದು ಕನ್ನಡ ಅಕ್ಷರ ಹೊಡೆಯೋ ಒಂಬತ್ತು ಕೀಲಿಯ ಯುಎಸ್‌ಬಿ ಕೀಪ್ಯಾಡ್ ಮಾಡ್ತಿದ್ದೀನಲ್ಲ, ಅದರಲ್ಲಿ ಕೊನೆಗೂ ಶ್ರೀ ಬಂತು. ರಾತ್ರಿ ಒಂದೂವರೆಗೆ, ಒಂದೇ ಕೀಲಿ ಒತ್ತಿದ್ದಕ್ಕೆ, ತಲೆ ಮೇಲೆ ಗೀಟು ಟೋಪಿ ಯಾವುದೂ ಇಲ್ಲದ ಸ್ವಚ್ಛ ಶ್ರೀ. ಶುಭಾರಂಭಕ್ಕೆ ಬರೆಯೋ ಅಕ್ಷರಕ್ಕೇ ಮೂರು ರಾತ್ರಿ ಹೋಯಿತು.

ಮೊದಲು ಬೋರ್ಡಿನ ಕಥೆ ಮುಗಿಸಿಬಿಡ್ತೀನಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿನಲ್ಲಿ 5 ವೋಲ್ಟ್, 16 ಮೆಗಾಹರ್ಟ್ಸ್ ಪ್ರೊ ಮೈಕ್ರೋ (ಕೀಲಿ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸೋ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡು) ಕೇಳಿದ್ದೆ. ಕೊಟ್ಟಿದ್ದು 3.3 ವೋಲ್ಟಿನದು. ಎರಡೂ ಅವಳಿಜವಳಿ, ಭೂತಗನ್ನಡಿ ಹಿಡಿದು ಕ್ರಿಸ್ಟಲ್ ಮೇಲೆ 8.000 ಅಂತ ಓದಿದಾಗಲೇ ಗೊತ್ತಾಗಿದ್ದು. 16ಕ್ಕೆ ಕಂಪೈಲ್ ಮಾಡಿದ ಪ್ರೋಗ್ರಾಮನ್ನು 8ರ ಮೇಲೆ ಹಾಕಿದರೆ ಯುಎಸ್‌ಬಿ ಕ್ಲಾಕೂ ಅರ್ಧಕ್ಕಿಳಿದು, ಲಿನಕ್ಸ್ 'ಎರರ್ ಮೈನಸ್ 71' ಅಂತ ಗೊಣಗಿ ಕೈತೊಳೆದುಕೊಳ್ಳುತ್ತೆ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಎರಡು ಸಲ ಪಟಪಟ ಮುಟ್ಟಿಸಿ, ಬೂಟ್‌ಲೋಡರ್ (ಹೊಸ ಪ್ರೋಗ್ರಾಂ ತುಂಬಿಸಿಕೊಳ್ಳೋ ಭಾಗ) ಕೊಡುವ ಎಂಟು ಸೆಕೆಂಡಿನೊಳಗೆ ಅಪ್‌ಲೋಡ್ ಮಾಡಿ ಜೀವ ಉಳಿಸಿದೆ. ಬದಲಿಸಿ ಕೊಡಿ ಅಂತ ಹೋದರೆ "ಎಲ್ಲಾ ಒಂದೇ ಸಾರ್, ಕಂಪನಿ ಪೀಸು" ಅಂದರು. ಆ ಸಿಟ್ಟಿಗೆ ಪಿಕೋ ಅನ್ನೋ ಬೇರೆ ಬೋರ್ಡು ತಗೊಂಡೆ. ಅದೇ ಅಂಗಡಿಯಲ್ಲಿ. ಜೊತೆಗೆ ನೂರು ಡಯೋಡೂ ತಗೊಂಡೆ. ಒಂಬತ್ತು ಸ್ವಿಚ್ಚಿಗೆ ಒಂಬತ್ತು ಪಿನ್ ಇರುವಾಗ ಮ್ಯಾಟ್ರಿಕ್ಸೇ (ಕಡಿಮೆ ಪಿನ್ನಿಗೆ ಹೆಚ್ಚು ಸ್ವಿಚ್ಚು ಹೊಂದಿಸೋ, ಡಯೋಡ್ ಬೇಕಾಗೋ ಜೋಡಣೆ) ಬೇಡ ಅಂತ ಹೊಳೆದಿದ್ದು ಬಸ್ಸಿನಲ್ಲಿ.

ಕೀಲಿಗಳು ಕ್ಷ, ಜ್ಞ, ಶ್ರೀ, ರ‍್ಯಾ, ಱ, ೞ, ಽ, ₹. ಒಂಬತ್ತನೆಯದು ಖಾಲಿ. ಕೀಬೋರ್ಡ್ ಅಕ್ಷರ ಕಳಿಸಲ್ಲ, ಕೀಲಿಯ ನಂಬರ್ ಮಾತ್ರ ಕಳಿಸುತ್ತೆ ಅನ್ನೋದು ನಿಮಗೆ ಗೊತ್ತು. ಕಂಪ್ಯೂಟರಿನಲ್ಲಿ ಕೆ.ಪಿ. ರಾವ್ ಅವರ ಕಗಪ ವಿನ್ಯಾಸ ಇದ್ದರೆ ಕೆ, ಎಫ್, ಎಕ್ಸ್ ಮೂರು ಕೀಲಿ ಕಳಿಸಿದರೆ ಕ್ಷ ಮುಗೀತು. ಆದರೆ ನನಗೆ ಕನ್ನಡ ವಿನ್ಯಾಸವೇ ಇಲ್ಲದ ಲಿನಕ್ಸ್ ಯಂತ್ರಕ್ಕೂ ಚುಚ್ಚಿದ ಕೂಡಲೇ ಕೆಲಸ ಮಾಡಬೇಕು ಅನ್ನೋ ಹಟ. ಹಾಗಾಗಿ ಕಂಟ್ರೋಲ್-ಶಿಫ್ಟ್-ಯು ಒತ್ತಿ, ಯುನಿಕೋಡ್ ಸಂಕೇತ ಹೊಡೆದು, ಸ್ಪೇಸ್. ಕ ಅಂದರೆ 0-ಸಿ-9-5, ಹಲಂತ (ವ್ಯಂಜನದ ಸ್ವರ ತೆಗೆಯೋ ಚಿಹ್ನೆ) ಅಂದರೆ 0-ಸಿ-ಸಿ-ಡಿ, ಷ ಅಂದರೆ 0-ಸಿ-ಬಿ-7.

ಮೊದಲ ರಾತ್ರಿ ಱ ಬಂತು. ೞ ಬಂತು. ₹ ಕೂಡ ಬಂತು; ಕುಣಿದೆ. ಆಮೇಲೆ ಕ್ಷ ಒತ್ತಿದೆ. ಕ ಬಂತು, ಷ ಬಂತು, ನಡುವೆ ಹಲಂತದ ಜಾಗದಲ್ಲಿ ತಲೆ ಮೇಲೆ ಗೀಟೆಳೆದುಕೊಂಡ ಇಂಗ್ಲಿಷ್ ಐ. ಜ್ಞದಲ್ಲೂ ಅದೇ ಐ. ಶ್ರೀಯಲ್ಲಿ ಐ ಜೊತೆಗೆ ಗೀಟಿನ ಎ. ರ‍್ಯಾ ಒತ್ತಿದರೆ ಎರಡೆರಡು ಗೀಟು ಹೊತ್ತ ಒಂದು ಸಣ್ಣ ಓ. ಕನ್ನಡ ಕೇಳಿದರೆ ಫ್ರೆಂಚ್ ಮಾತಾಡ್ತಿದೆ.

ಕೆಟ್ಟ ನಾಲ್ಕು ಕೀಲಿಗಳಲ್ಲೂ ಹಲಂತ ಇದೆ, ಸರಿಯಿರೋದರಲ್ಲಿ ಇಲ್ಲ. ಅಂದಮೇಲೆ ಹಲಂತವೇ ಕಳ್ಳ ಅಂತ ತೀರ್ಪು ಕೊಟ್ಟು ಫಾಂಟ್ ಬದಲಿಸಿದೆ, ಎಡಿಟರ್ ಬದಲಿಸಿದೆ. ವೇಗ ಜಾಸ್ತಿಯಾಯಿತೇನೋ ಅಂತ ಪ್ರತಿ ಕೀಲಿಗೂ 5 ಮಿಲಿಸೆಕೆಂಡ್ ವಿರಾಮ ಕೊಟ್ಟೆ, ಆಮೇಲೆ 50, ಆಮೇಲೆ 200. ಅದೇ ಐ ನಿಧಾನವಾಗಿ ಬಂತು. ಕೇಬಲ್ ಮೇಲೂ ಅನುಮಾನ ಪಟ್ಟು ಇನ್ನೊಂದು ಹಾಕಿದೆ, ಅದು ಬರೀ ಚಾರ್ಜಿಂಗ್ ಕೇಬಲ್. ಅರ್ಧ ಗಂಟೆ ಅದಕ್ಕೆ ಹೋಯಿತು. (ಡೇಟಾ ತಂತಿಯೇ ಇಲ್ಲದ ಕೇಬಲ್ ಮಾರುವವರಿಗೆ ಅದನ್ನೇ ಹಗ್ಗ ಮಾಡಿ ಬಾವಿಯಿಂದ ನೀರು ಸೇದಿಸಬೇಕು.)

ಎರಡನೇ ರಾತ್ರಿ ತೀರ್ಪೇ ಬಿದ್ದುಹೋಯಿತು. ಶ್ರೀಯ ದೀರ್ಘ ಕೆಟ್ಟಿದೆ, ರ‍್ಯಾದ ದೀರ್ಘ ಸರಿಯಾಗಿದೆ. ಎರಡೂ ಸ್ವರಚಿಹ್ನೆಗಳೇ ತಾನೇ? ಖಾಲಿಯಿದ್ದ ಒಂಬತ್ತನೇ ಕೀಲಿಗೆ ಇಡೀ ವರ್ಣಮಾಲೆ ತುಂಬಿ ಒತ್ತಿದೆ. ಅಆಇಈ ಶುರುವಾಗಿ ಳ ತನಕ ಸುರೀತು. ಕೆಟ್ಟಿದ್ದು ಮೂರೇ ಮೂರು: ಈ, ಙ, ಪ. ಮೂರೂ ಇಂಗ್ಲಿಷಿನ ಇ ಆಗಿವೆ. ಒಂದಕ್ಕೆ ಎಡಕ್ಕೆ ವಾಲಿದ ಗೀಟು, ಒಂದಕ್ಕೆ ಬಲಕ್ಕೆ, ಪ ಜಾಗದಲ್ಲಿರೋದಕ್ಕೆ ಟೋಪಿ. ಹಾಕಿದ್ದು ನನಗೆ. ಫ ಸರಿಯಿದೆ, ಪ ಇಲ್ಲ! ಮಹಾಪ್ರಾಣಕ್ಕೆ ಇಷ್ಟು ನಿಷ್ಠೆ ತೋರಿಸಿದ ಯಂತ್ರ ಇನ್ನೊಂದಿರಲಿಕ್ಕಿಲ್ಲ.

ಮೂರನೇ ರಾತ್ರಿ, ತಂತಿಯ ಮೇಲೆ ಏನು ಹೋಗುತ್ತೆ ಅಂತ ತೋರಿಸೋ ವೈರ್‌ಶಾರ್ಕ್ ತೆರೆದೆ. ಪಿಕೋ ಕಡೆಯಿಂದ ಎಂಟು ಬೈಟಿನ ರಿಪೋರ್ಟ್‌ಗಳು ಲೆಕ್ಕಕ್ಕೆ ಸರಿಯಾಗಿ ಹೋಗ್ತಿವೆ. ಪಕ್ಕದ ಕಿಟಕಿಯಲ್ಲಿ, ಲಿನಕ್ಸಿಗೆ ಯಾವ ಕೀಲಿ ಮುಟ್ಟಿತು ಅಂತ ತೋರಿಸೋ ಇವ್‌ಟೆಸ್ಟ್ ಹಾಕಿ ಹಲಂತ ಕಳಿಸಿದೆ. ತಂತಿಯ ಮೇಲೆ ಸಿ, ಅಂದರೆ 6ನೇ ನಂಬರ್, ಎರಡು ಸಲ ಹೋಗಿದೆ. ಇವ್‌ಟೆಸ್ಟಿನಲ್ಲಿ ಒಂದೇ ಸಲ ಬಂದಿದೆ.

ಅಂಗಡಿ ಬಿಲ್ಲಿನ ಹಿಂದೆ ಬರೆದೆ. ಈ 0-ಸಿ-8-8. ಙ 0-ಸಿ-9-9. ಪ 0-ಸಿ-ಎ-ಎ. ಅಯ್ಯೋ ರಾಮ.

ಜೋಡಿಯಲ್ಲಿ ಒಂದು ಬಿದ್ದುಹೋಗಿ 0-ಸಿ-ಎ ಆದರೆ ಅದು ಟೋಪಿಯ ಇ. 0-ಸಿ-ಡಿ ಆದರೆ ಗೀಟಿನ ಐ. ಶ್ರೀಯ ದೀರ್ಘ 0-ಸಿ-ಸಿ-0, ರ‍್ಯಾದ ದೀರ್ಘ 0-ಸಿ-ಬಿ-ಇ. ರ‍್ಯಾದೊಳಗಿನ ಕಣ್ಣಿಗೆ ಕಾಣದ ಜೋಡಕ 2-0-0-ಡಿ, ಅದರ ಒಂದು ಸೊನ್ನೆ ಹೋಗಿ ಆ ಸಣ್ಣ ಓ.

ತಪ್ಪು ನನ್ನದೇ. ರಿಪೋರ್ಟ್ ಅನ್ನೋದು ಒತ್ತಿದ ಸುದ್ದಿ ಅಲ್ಲ, ಈ ಕ್ಷಣ ಯಾವ ಕೀಲಿಗಳು ಕೆಳಗಿವೆ ಅನ್ನೋ ಪಟ್ಟಿ. ಸಿ ಆದಮೇಲೆ 9 ಬಂದರೆ 'ಸಿ ಬಿಟ್ಟರು, 9 ಒತ್ತಿದರು' ಅಂತ ಕಂಪ್ಯೂಟರ್ ತಾನೇ ಅರ್ಥ ಮಾಡಿಕೊಳ್ಳುತ್ತೆ. ಸಿ ಆದಮೇಲೆ ಸಿಯೇ ಬಂದರೆ ಬೆರಳು ಇನ್ನೂ ಎತ್ತಿಲ್ಲ ಅಂತ ಸುಮ್ಮನಿರುತ್ತೆ. ನಡುವೆ ಎಂಟೂ ಸೊನ್ನೆಯ ಖಾಲಿ ರಿಪೋರ್ಟ್ ಕಳಿಸಬೇಕು. ಆರ್ಡುಯಿನೋದ ಕೀಬೋರ್ಡ್ ಲೈಬ್ರರಿ ಅದನ್ನು ಪಾಪ ತಾನೇ ಮಾಡುತ್ತೆ. ಪಿಕೋಗೆ ಬಂದಮೇಲೆ 'ಅರ್ಧಕ್ಕರ್ಧ ರಿಪೋರ್ಟ್ ದಂಡ' ಅಂತ ಯುಎಸ್‌ಬಿ ಲೈಬ್ರರಿಯಾದ ಟೈನಿಯುಎಸ್‌ಬಿ ಮೇಲೆ ಸ್ವಂತ ಫಂಕ್ಷನ್ ಬರೆದು ಅದನ್ನು ಕಿತ್ತುಹಾಕಿದ ಜಾಣ ನಾನು. ಕ್ಷ, ಜ್ಞದಂಥ ವಿಜಾತೀಯ ಸಂಯುಕ್ತಾಕ್ಷರಕ್ಕೆ ಅಂತ ಮಾಡಿದ ಯಂತ್ರ ಸಜಾತೀಯ ಸಂಯೋಗಕ್ಕೆ ಸಿಕ್ಕಿಬಿತ್ತು. ನಮ್ಮ ವ್ಯಾಕರಣದ ಮೇಷ್ಟ್ರು ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಖಾಲಿ ರಿಪೋರ್ಟ್ ಸೇರಿಸಿದ ಮೇಲೆ ಒಂದು ಸಂಕೇತಕ್ಕೆ 12 ರಿಪೋರ್ಟ್, ಶ್ರೀಗೆ ನಾಲ್ಕು ಸಂಕೇತ, 48. ಪೋಲಿಂಗ್ (ಕಂಪ್ಯೂಟರ್ ರಿಪೋರ್ಟ್ ಕೇಳೋ ಅಂತರ) 10 ಮಿಲಿಸೆಕೆಂಡ್ ಇಟ್ಟಿದ್ದರಿಂದ ಹತ್ತಿರಹತ್ತಿರ ಅರ್ಧ ಸೆಕೆಂಡ್. ಕಣ್ಣಿಗೆ ಕಾಣೋ ಹಾಗೆ ತೆವಳುತ್ತೆ. 1ಕ್ಕೆ ಇಳಿಸಿದರೆ ನನ್ನ ಎಡಿಟರ್ ಒಮ್ಮೊಮ್ಮೆ ಮುಗ್ಗರಿಸಿತು. ಸದ್ಯಕ್ಕೆ 4.

ಈ ನಡುವೆ ಕನ್ನಡ ಟೈಪ್‌ರೈಟರೊಂದನ್ನು ನೋಡಿ ಬಂದಿದ್ದೀನಿ, ಗುಜರಿಯವನು ಹೇಳಿದ ರೇಟು ಕೇಳಿ ನಗು ಬಂತು. ಪ್ರತಿ ಕೀಲಿಯ ಕೆಳಗೆ ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಕೂಡೋ ಸ್ವಿಚ್ಚು) ಕೂರಿಸಿ, ಅದನ್ನೇ ಯುಎಸ್‌ಬಿ ಕೀಬೋರ್ಡ್ ಮಾಡುವ ಆಸೆ. ತೊಡಕು ಅರ್ಕಾವತ್ತಿನದು. ಕಾಗದದ ಮೇಲೆ ಅದು ವ್ಯಂಜನ ಆದಮೇಲೆ ಬೀಳುತ್ತೆ, ಯುನಿಕೋಡಿನಲ್ಲಿ ರ ಮತ್ತು ಹಲಂತ ಮೊದಲೇ ಇರಬೇಕು. ಅಂದರೆ ಪಿಕೋ ಒಂದು ಅಕ್ಷರವನ್ನು ಬಾಯಲ್ಲಿಟ್ಟುಕೊಂಡು ಮುಂದಿನದಕ್ಕೆ ಕಾಯಬೇಕು, ಇಲ್ಲವೇ ಬ್ಯಾಕ್‌ಸ್ಪೇಸ್ ಕಳಿಸಿ ತಿದ್ದಬೇಕು. ಮಿಕ್ಕ ನೂರು ಡಯೋಡಿಗೂ ಅಲ್ಲಿ ಕೆಲಸ ಸಿಗುತ್ತೆ. ಚೌಕಾಸಿ ಜಾರಿಯಲ್ಲಿದೆ.

ಈ ಪ್ಯಾಡಿನಲ್ಲಿ ಉಳಿದಿರೋದು: ಯಂತ್ರದಲ್ಲಿ ಕಗಪ ಚಾಲೂ ಇದ್ದರೆ ಸಿ ಕೀಲಿ ಅಂದರೆ ಚ, ಸಂಕೇತವೆಲ್ಲ ಕಲಸುಮೇಲೋಗರ. ಬದಿಗೊಂದು ಸ್ಲೈಡ್ ಸ್ವಿಚ್ ಹಾಕಿ, ಆ ಕಡೆ ತಳ್ಳಿದರೆ ಕೆ-ಎಫ್-ಎಕ್ಸ್ ಕಳಿಸೋ ಹಾಗೆ ಮಾಡಬೇಕು. ವಿಂಡೋಸ್ ಸದ್ಯಕ್ಕೆ ಬೇಡ. ಅಲ್ಲಿ ಹೀಗೆ ಸಂಕೇತ ಹೊಡೆಯಲು ರಿಜಿಸ್ಟ್ರಿ (ವಿಂಡೋಸಿನ ಸೆಟ್ಟಿಂಗ್ ಕೋಶ) ತಿದ್ದಬೇಕು, ಆಫೀಸ್ ಯಂತ್ರದಲ್ಲಿ ಅದನ್ನು ಮುಟ್ಟಲು ಬಿಡಲ್ಲ. ಒಂಬತ್ತನೇ ಕೀಲಿ ಇನ್ನೂ ವರ್ಣಮಾಲೆಯನ್ನೇ ಸುರಿಯುತ್ತೆ, ತೆಗೆದಿಲ್ಲ. ಫರ್ಮ್‌ವೇರ್ ಮುಟ್ಟಿದಾಗಲೆಲ್ಲ ಒಮ್ಮೆ ಒತ್ತಿ ಪ ಇದೆಯಾ ಅಂತ ನೋಡ್ತೀನಿ.