ಹೇಸಿಕಿ ಪದಗಳ ಪಟ್ಟಿ: ಕೆಲಸ ಎಲ್ಲಿಗೆ ಬಂತು

ಕಲಬುರಗಿ ಸೀಮೆಯ ಮಾತುಗಳನ್ನು ಬರೆದಿಡುವ ನನ್ನ ವಹಿಯಲ್ಲಿ ಈ ಸಲ ಒಂದೇ ಗುಂಪಿನ ಪದಗಳು ಪುಟ ತುಂಬಿವೆ. ಬೇಗ ಹೇಸಿಕೊಳ್ಳುವವರಿಗೆ ಏನನ್ನಬೇಕು? ನರ್ಸಿಂಗ್ ಓದುತ್ತಿರುವ ಅಕ್ಕನ ಮಗಳು ಕೇಳಿದ ಪ್ರಶ್ನೆಯಿದು. ಅವಳ ಪುಸ್ತಕದಲ್ಲಿ ‘ಸ್ಕ್ವೀಮಿಶ್’ ಎಂದಿತ್ತು. “ಮಾಮಾ, ಇದಕ್ಕ ನಮ್ಮ ಮಾತಿನ್ಯಾಗ ಏನಂತಾರ?” ಎಂದಳು.

ಇಂಗ್ಲಿಷ್ ಪದದ ದಾರಿ ಬೇಗ ಮುಗಿಯಿತು. ಅದು ಆಂಗ್ಲೋ-ನಾರ್ಮನ್ ಫ್ರೆಂಚಿನ ‘ಎಸ್ಕಾಯ್ಮಸ್’ನಿಂದ ಬಂದದ್ದು, ಅದಕ್ಕೂ ಹಿಂದಿನ ಬೇರು ನಿಘಂಟುಕಾರರಿಗೆ ಸಿಕ್ಕಿಲ್ಲ.

ನಮ್ಮ ‘ಹೇಸು’ ಹಳಗನ್ನಡದಲ್ಲಿ ‘ಪೇಸು’. ಪಾಲ್ ಹಾಲಾದಂತೆ, ಪೂ ಹೂವಾದಂತೆ ಇದೂ ಹಕಾರಕ್ಕೆ ತಿರುಗಿತು. 9ನೆಯ ಶತಮಾನದಲ್ಲಿ ಕವಿರಾಜಮಾರ್ಗ ಹುಟ್ಟಿದಾಗ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟದವರ ಬಾಯಲ್ಲಿ ಇನ್ನೂ ಪಕಾರವೇ ಇತ್ತು. ಅದೇ ಕಾಗಿಣಾ ದಂಡೆಯ ಮಳಖೇಡದಲ್ಲಿ ಈಗ “ಹೇಸಿಕಿ ಬರ್ತದ” ಅನ್ನುತ್ತಾರೆ. ಆದರೆ ‘ಹೇಸಿ’ ಅಂದರೆ ಹೇಸುವವನಲ್ಲ, ಹೇಸಿಕೆ ಹುಟ್ಟಿಸುವವನು; ಅದು ಬೈಗುಳ. ಹೇಸುವವನಿಗೆ ನಮ್ಮಲ್ಲಿ ನಾಮಪದಕ್ಕಿಂತ ಕ್ರಿಯಾಪದವೇ ಸಲೀಸು: “ಅಂವ ಎಲ್ಲಾದಕ್ಕೂ ಹೇಸ್ತಾನ.” ಉರ್ದುವಿನ ದಾರಿಯಿಂದ ಬಂದ ಪಾರಸಿಯ ‘ನಾಜೂಕ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಹೊಟ್ಟೆ ತೊಳಸುವ ಭಾವ ಇಲ್ಲ.

‘ಅಸಹ್ಯ’ದ ಮೂಲಾರ್ಥ ಸಹಿಸಲಾಗದ್ದು ಎಂದಷ್ಟೇ. ಗಡಿಯಾಚೆ ಮರಾಠಿಯವರು ‘ಕಿಳಸ’ ಅನ್ನುತ್ತಾರೆ, ತೆಲುಗಿನವರು ‘ರೋತ’. ನಮ್ಮ ಓಣಿಯ ಉರ್ದು ಮಾತಿನವರದ್ದು ‘ಘಿನ್’. ಇದನ್ನು ಬೆನ್ನು ಹತ್ತಿದ ಮೇಲೆ ನನಗೆ ಈ ಕೆಲಸ ಬಿಡಲಾಗಲಿಲ್ಲ. ಘಿನ್ ಹುಟ್ಟಿದ್ದು ಸಂಸ್ಕೃತದ ‘ಘೃಣಾ’ದಿಂದ. ಘೃಣಾ ಅಂದರೆ ತಿರಸ್ಕಾರ ಹೌದು, ಆದರೆ ಕರುಣೆ, ಮರುಕ ಅನ್ನುವ ಅರ್ಥವೂ ಅದಕ್ಕಿದೆ. ಹಾಗಾಗಿಯೇ ‘ನಿರ್ಘೃಣ’ ಅಂದರೆ ನಿರ್ದಯಿ. ಇನ್ನೊಬ್ಬರ ಗಾಯ ಕಂಡು ಒಳಗೆ ಏನೋ ಕಲಕುತ್ತದಲ್ಲ, ಅದು ಮರುಕವಾಗಲೂಬಹುದು, ಹೇಸಿಕೆಯಾಗಲೂಬಹುದು. ಎರಡಕ್ಕೂ ಒಂದೇ ಪದ ಇದ್ದದ್ದು ನನಗೆ ಬಹಳ ನಿಜವೆನಿಸಿತು.

‘ಜುಗುಪ್ಸೆ’ ಇನ್ನೂ ಸೊಗಸು. ಅದರ ಧಾತು ಗುಪ್, ಅಂದರೆ ಕಾಪಾಡು. ತನ್ನನ್ನು ಕಾಯ್ದುಕೊಳ್ಳಲು ಹಿಂದೆ ಸರಿಯುವುದೇ ಜುಗುಪ್ಸೆ. ಪಾಣಿನಿಯ ಸಂಸ್ಕೃತ ವ್ಯಾಕರಣ ಅಷ್ಟಾಧ್ಯಾಯಿಯ 3.1.5ನೆಯ ಸೂತ್ರ ಗುಪ್, ತಿಜ್, ಕಿತ್ ಎಂಬ ಮೂರು ಧಾತುಗಳಿಗೆ ಒಟ್ಟಿಗೆ ‘ಸನ್’ ಎಂಬ ಪ್ರತ್ಯಯ (ಧಾತುವಿನ ಕೊನೆಗೆ ಸೇರುವ ತುಣುಕು) ಹೇಳುತ್ತದೆ. ಅವುಗಳಿಂದ ಬಂದವು ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ. ಹೇಸಿಕೆ, ತಾಳ್ಮೆ, ಆರೈಕೆ ಮೂರೂ ಒಂದೇ ಸೂತ್ರದ ಮಕ್ಕಳು! ನರ್ಸ್ ಆಗಲಿರುವ ಹುಡುಗಿಗೆ ಇದನ್ನು ಹೇಳುವಾಗ ನನಗೆ ತಡೆಯಲಾಗದ ಖುಷಿ.

ಮುಂದಿನ ಸೂತ್ರದ ಬಧ್ ಧಾತುವಿನಿಂದ ‘ಬೀಭತ್ಸ’. ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ, ಅಂದರೆ ಬುನಾದಿಯ ಭಾವ, ಜುಗುಪ್ಸೆ, ಅದರ ಬಣ್ಣ ನೀಲಿ, ಅಧಿದೇವತೆ ಮಹಾಕಾಲ. ಅರ್ಜುನನಿಗೆ ‘ಬೀಭತ್ಸು’ ಎಂಬ ಹೆಸರಿದೆ. ವಿರಾಟಪರ್ವದಲ್ಲಿ ಅವನೇ ಅದನ್ನು ಬಿಡಿಸಿ ಹೇಳುತ್ತಾನೆ: ಯುದ್ಧದಲ್ಲಿ ಹೇಸಿಗೆಯ ಕೆಲಸ ಮಾಡುವವನಲ್ಲ, ಅದಕ್ಕೇ ಆ ಹೆಸರು. ಹೇಳುವುದು ಯಾರಿಗೆ? ಉತ್ತರಕುಮಾರನಿಗೆ. ಎಲ್ಲಿ? ಶಮೀವೃಕ್ಷದ ಕೆಳಗೆ. ಮರದಲ್ಲಿ ಹೆಣ ಕಟ್ಟಿದೆಯೆಂದು ಕೇಳಿದ್ದೇನೆ, ರಾಜಪುತ್ರನಾದ ನಾನು ಅದನ್ನು ಹೇಗೆ ಮುಟ್ಟಲಿ ಎಂದು ಆಯುಧದ ಕಟ್ಟು ಇಳಿಸಲು ಉತ್ತರ ಹಿಂಜರಿದದ್ದು ಅದೇ ಮರದ ಹತ್ತಿರ. ಒಬ್ಬನಿಗೆ ಹೆಣದ ಹೇಸಿಕೆ, ಇನ್ನೊಬ್ಬನಿಗೆ ನೀಚ ಕೃತ್ಯದ ಹೇಸಿಕೆ. ದಸರೆಗೆ ನಾವು ಬನ್ನಿ ಕೊಟ್ಟು ತೆಗೆದುಕೊಳ್ಳುತ್ತೇವಲ್ಲ, ಆ ಬನ್ನಿಯೇ ಶಮಿ. ಈ ಸಲ ಬನ್ನಿ ಕೊಡುವಾಗ ಮನೆಯ ಮಕ್ಕಳಿಗೆ ಉತ್ತರನ ಈ ಭಾಗವನ್ನೂ ಹೇಳುವವನಿದ್ದೇನೆ.

ಜೈನರಲ್ಲಿ ಹೇಸದಿರುವುದಕ್ಕೇ ಒಂದು ಪದವಿದೆ: ನಿರ್ವಿಚಿಕಿತ್ಸೆ. ಅದು ಸಮ್ಯಗ್ದರ್ಶನದ, ಅಂದರೆ ಸರಿಯಾದ ಶ್ರದ್ಧೆಯ, ಎಂಟು ಅಂಗಗಳಲ್ಲಿ ಒಂದು. ಜೈನ ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಎಂಬ ಗ್ರಂಥ ಇದಕ್ಕೆ ಉದ್ದಾಯನ ರಾಜನನ್ನು ಉದಾಹರಿಸುತ್ತದೆ. ರೋಗಿ ಮುನಿಯ ವೇಷದಲ್ಲಿ ಬಂದ ದೇವತೆ ವಾಂತಿ ಮಾಡಿದಾಗ ರಾಜ ಮುಖ ತಿರುಗಿಸದೆ ತೊಳೆದು ಸೇವೆ ಮಾಡಿದನೆಂಬುದು ಕಥೆ. ಇಲ್ಲಿಯೂ ಧಾತು ಕಿತ್, ಚಿಕಿತ್ಸೆಯದ್ದೇ ಬೇರು.

ಅಕ್ಕನ ಮಗಳಿಗೆ ಸದ್ಯ ‘ಬೇಗ ಹೇಸುವ’ ಎಂದು ಬರೆದುಕೊಟ್ಟಿದ್ದೇನೆ. ‘ಸೂಕ್ಷ್ಮ ಮನಸ್ಸಿನವರು’ ಎಂದು ಬರೆಯಬೇಡ ಅಂದೆ. ಸೂಕ್ಷ್ಮ ಮನಸ್ಸಿದ್ದೂ ಕೀವು ತೊಳೆಯುವವರಿದ್ದಾರೆ. “ಹೌದು ಮಾಮಾ, ನಮ್ಮ ವಾರ್ಡಿನ ಸಿಸ್ಟರ್ ಹಂಗೇ ಇದ್ದಾರ” ಎಂದಳು.

ಬಾಕಿ ಉಳಿದದ್ದು: ಮರಾಠಿ ಗಡಿಗೆ ಹತ್ತಿರದ ಔರಾದ ಮತ್ತು ಭಾಲ್ಕಿ ಕಡೆ ಕಿಳಸ ಕನ್ನಡದ ಮಾತಿನೊಳಗೆ ಹೇಗೆ ಕೂತಿದೆಯೆಂದು ಕೇಳಬೇಕು, ತೆಲುಗು ಗಡಿಗೆ ಹತ್ತಿರದ ಗುರುಮಠಕಲ್‌ನಲ್ಲಿ ರೋತ ಬಳಸುತ್ತಾರೋ ನೋಡಬೇಕು. ಹಳ್ಳಿಯಲ್ಲಿ ಬಾಣಂತನ ಮಾಡಿಸಿದ ಮುದುಕಿಯರನ್ನು ಮೊದಲು ಮಾತಾಡಿಸಬೇಕೆಂದಿದ್ದೇನೆ. ಈ ಪದಗಳು ಅವರ ಬಾಯಲ್ಲಿ ಹೆಚ್ಚು ಇದ್ದಾವು.