ದೀಪಾವಳಿಗೆ ಮಣ್ಣಿನ ಕಿಲ್ಲೆ

ಪುಣೆಯಲ್ಲಿ ದೀಪಾವಳಿ ಅಂದ್ರೆ ಮಕ್ಕಳಿಗೆ ಪಟಾಕಿಗಿಂತ ಮೊದಲು ಕಿಲ್ಲೆ, ಅಂದ್ರೆ ಶಿವಾಜಿ ಮಹಾರಾಜರ ಕೋಟೆಗಳ ಪುಟ್ಟ ಮಾದರಿ. ಅಂಗಡಿಯ ಪ್ಲಾಸ್ಟರ್ ಕಿಲ್ಲೆ ತಂದಿಟ್ಟರೆ ಮಕ್ಕಳಿಗೆ ಕೆಲಸವೇ ಉಳಿಯಲ್ಲ, ಮಣ್ಣಲ್ಲೇ ಮಾಡಿಸಿ.

ಹಬ್ಬಕ್ಕೆ ಒಂದು ವಾರ ಮೊದಲೇ ಶುರು ಮಾಡಬೇಕು. ಬಾಲ್ಕನಿಯಾದರೆ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಇಲ್ಲದಿದ್ದರೆ ಕೆಸರು ನೀರು ಕೆಳಗಿನ ಮನೆಗೆ ಸೋರುತ್ತೆ. ಒಡೆದ ಇಟ್ಟಿಗೆ, ಕಲ್ಲು ಪೇರಿಸಿ ಬೆಟ್ಟದ ಆಕಾರ ಕೊಡಿ. ಮೂರು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಮರಳು ಬೆರೆಸಿ, ದೋಸೆ ಹಿಟ್ಟಿನಷ್ಟು ತೆಳ್ಳಗೆ ಕಲಸಿ. ಹಳೆ ಗೋಣಿಚೀಲವನ್ನು ಅದರಲ್ಲಿ ಅದ್ದಿ ಕಲ್ಲುಗಳ ಮೇಲೆ ಹೊದಿಸಿ, ಮಡಿಕೆಗಳನ್ನು ಒತ್ತಿಬಿಡಿ. ಅವೇ ಕಣಿವೆಗಳು. ಮೇಲೆ ಗಟ್ಟಿ ಮಣ್ಣಿನ ತೆಳು ಪದರ ಸವರಿ. ಮರಳಿಲ್ಲದ ಬರೀ ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ.

ಹಸಿರಿಗೆ ಸಾಸಿವೆ ಸಾಕು. ಹಬ್ಬಕ್ಕೆ ಐದಾರು ದಿನ ಇರುವಾಗ ಹಸಿ ಮಣ್ಣಿನ ಮೇಲೆ ವಿರಳವಾಗಿ ಚೆಲ್ಲಿ. ಒತ್ತಾಗಿ ಬಿದ್ದರೆ ಮೊಳಕೆ ಕೊಳೆಯುತ್ತೆ. ಚೊಂಬಿನಿಂದ ನೀರು ಸುರಿದರೆ ಬೀಜವೆಲ್ಲ ಬುಡಕ್ಕೆ ಜಾರುತ್ತೆ, ದಿನಕ್ಕೆರಡು ಸಲ ಸ್ಪ್ರೇ ಬಾಟಲಿಯಲ್ಲಿ ಚಿಮುಕಿಸಿ.

ಯಾವ ಕೋಟೆ ಅಂತ ಮೊದಲೇ ಗೊತ್ತಿದ್ದರೆ ಚೆಂದ. ರಾಜಗಡ ಮಾಡುವುದಾದರೆ ನಡುವೆ ಎತ್ತರದ ಬಾಲೇಕಿಲ್ಲಾ (ತುದಿಯ ಒಳಕೋಟೆ), ಸುತ್ತ ಪದ್ಮಾವತಿ, ಸುವೇಳಾ, ಸಂಜೀವನಿ ಅನ್ನೋ ಮೂರು ಮಾಚಿಗಳು (ಅದರ ಕೆಳಗೆ ಚಾಚಿಕೊಂಡ, ಗೋಡೆ ಕಟ್ಟಿದ ಬಯಲುಗಳು) ಬರಲೇಬೇಕು. ಶಿವಾಜಿ ಮಹಾರಾಜರು, ಅವರ ಸೈನಿಕರಾದ ಮಾವಳೆಗಳ ಮಣ್ಣಿನ ಬೊಂಬೆಗಳು ಪುಣೆಯ ಕಸಬಾ ಪೇಠದ ಕುಂಬಾರರ ಕೇರಿ ಕುಂಭಾರವಾಡೆಯಲ್ಲಿ ಸಿಗುತ್ತವೆ. ನೀರು ತಾಗಿದರೆ ಬಣ್ಣ ಹೋಗುತ್ತೆ, ಕೊನೆಯ ದಿನವೇ ಇಡಿ.