ಚೊಂಬಿನ ತಳ, ದಾಸವಾಳದ ಎಸಳು, ಹಳೇಬೀಡಿನ ಆನೆ

ಹೈಸ್ಕೂಲಿಗೆ ಹೊಸದಾಗಿ ಬಂದ ಮಕ್ಕಳ ಮುಂದೆ ಒಂದು ಹಿತ್ತಾಳೆ ಚೊಂಬು ಇಟ್ಟು ಬರೀರಿ ಅಂದ್ರೆ ಹೆಚ್ಚುಕಮ್ಮಿ ಎಲ್ರೂ ಒಂದೇ ಚೊಂಬು ಬರೀತಾರೆ. ಬಾಯಿ ಎರಡೂ ತುದಿ ಚೂಪಾಗಿರೋ ಬಾದಾಮಿ ಆಕಾರ, ತಳ ಮಾತ್ರ ಸ್ಕೇಲ್ ಇಟ್ಟು ಎಳೆದ ನೇರ ಗೆರೆ. ಯಾವ ಊರಿಂದ ಬಂದಿರ್ಲಿ, ಕೈ ಎಷ್ಟೇ ಚೆನ್ನಾಗಿರ್ಲಿ, ಮೊದಲನೇ ಚೊಂಬು ಹೀಗೇ. ಇದು ಕೈಯ ದೋಷ ಅಲ್ವೇ ಅಲ್ಲ. ಚೊಂಬು ಮೇಜಿನ ಮೇಲೆ ಅಲ್ಲಾಡದೆ ಕೂತಿದೆ ಅಂತ ಆ ಮಗುಗೆ ಗೊತ್ತು, ಮೇಜು ಸಪಾಟಾಗಿದೆ ಅಂತನೂ ಗೊತ್ತು, ಹಾಗಾಗಿ ತಳ ಸಪಾಟು ಅಂತ ಕೈ ಬರೆದುಬಿಡುತ್ತೆ, ಕಣ್ಣನ್ನ ಯಾರೂ ಕೇಳೋದೇ ಇಲ್ಲ.

ನಾನು ಚಿತ್ರಕಲಾ ಶಿಕ್ಷಕಿಯಾಗಿ ಮಾಡೋ ಮುಖ್ಯ ಕೆಲಸ ಇದೇ ಅಂತ ನಂಗನಿಸುತ್ತೆ, ಕಣ್ಣನ್ನ ಕೇಳೋ ಅಭ್ಯಾಸ ಮಾಡಿಸೋದು. ಅದಕ್ಕೆ ಕೈಯಲ್ಲಿರೋ ಒಂದು ಗಾಜಿನ ಬಳೆ ಸಾಕು. ಬಳೆ ಬಿಚ್ಚಿ ಮಲಗಿಸಿದ ಹಾಗೆ ಹಿಡ್ಕೊಂಡು ಸರಿಯಾಗಿ ಕಣ್ಣಿನ ಮಟ್ಟಕ್ಕೆ ತನ್ನಿ ಅಂತೀನಿ, ಅಲ್ಲಿ ಅದು ಬರೀ ಒಂದು ಗೆರೆ. ಹಾಗೇ ನಿಧಾನಕ್ಕೆ ಗಲ್ಲದ ಹತ್ರ, ಎದೆ ಹತ್ರ, ಹೊಟ್ಟೆ ಹತ್ರ ಇಳಿಸ್ತಾ ಹೋದ್ರೆ ಗೆರೆ ಬಾಯಿ ಬಿಡ್ತಾ ಬಿಡ್ತಾ ಅಗಲ ಆಗುತ್ತೆ, ನೆಲದ ಮೇಲಿಟ್ಟು ಮೇಲಿಂದ ಬಗ್ಗಿ ನೋಡಿದ್ರೆ ಪೂರ್ತಿ ದುಂಡಗೆ. ಈಗ ಮತ್ತೆ ಚೊಂಬು ನೋಡಿ. ಅದರ ಬಾಯಿ ನಿಮ್ಮ ಕಣ್ಣಿನ ಮಟ್ಟಕ್ಕೆ ಹತ್ರ ಇದೆ, ತಳ ಇನ್ನೂ ಕೆಳಗಿದೆ, ಅಂದ್ಮೇಲೆ ತಳದ ಬಾಗು ಬಾಯಿಗಿಂತ ಜಾಸ್ತಿನೇ ಇರ್ಬೇಕಲ್ವಾ? ಇಷ್ಟು ಕೇಳಿದ್ರೆ ಸಾಕು, ಕ್ಲಾಸಲ್ಲಿ ಒಂದಷ್ಟು ತಲೆಗಳು ವಾಲುತ್ವೆ, ಕಣ್ಣು ಕಿರಿದಾಗುತ್ವೆ, "ಹೌದು ಮಿಸ್, ಬಗ್ಗಿದೆ" ಅಂತಾರೆ. ಅಲ್ಲೇ ಇತ್ತು, ಇಷ್ಟೊತ್ತೂ ಅವರ ಕಣ್ಣ ಮುಂದೆನೇ ಇತ್ತು.

ಆಮೇಲೆ ಅಳತೆ. ಕೈ ಪೂರ್ತಿ ಚಾಚಿ ಒಂದು ಕಣ್ಣು ಮುಚ್ಚಿ ಪೆನ್ಸಿಲ್ ಹಿಡಿಯೋದನ್ನ ಮಕ್ಕಳು ಸಿನಿಮಾದಲ್ಲಿ ನೋಡಿರ್ತಾರೆ, ಆದ್ರೆ ಅದು ಯಾಕೆ ಅಂತ ಯಾರೂ ಹೇಳಿರಲ್ಲ. ಮೊಣಕೈ ಸ್ವಲ್ಪ ಮಡಚಿದ್ರೂ ಅಳತೆ ಬದಲಾಗುತ್ತೆ, ಅದೊಂದನ್ನ ಕಾಯ್ತಾ ಇರ್ಬೇಕು. ಚೊಂಬಿನ ಎತ್ತರಾನ ಪೆನ್ಸಿಲ್ ಮೇಲೆ ಹೆಬ್ಬೆರಳಲ್ಲಿ ಗುರುತು ಮಾಡಿ, ಹಾಗೇ ಅಡ್ಡ ತಿರುಗಿಸಿ ಹೊಟ್ಟೆ ಅಗಲಕ್ಕೆ ಹಿಡಿದ್ರೆ ನಮ್ಮ ಸ್ಕೂಲಿನ ಚೊಂಬು ಎತ್ತರದಷ್ಟೇ ಅಗಲ ಇದೆ ಅಂತ ಗೊತ್ತಾಗುತ್ತೆ, ಎಲ್ರೂ ಅದನ್ನ ಉದ್ದಕ್ಕೆ ಬರ್ದಿರ್ತಾರೆ.

ಬೆಳಕಿನ ವಿಷಯ ಬೇಗ ಹೇಳಿಬಿಡ್ತೀನಿ: ಒಂದು ಕಡೆ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಮೊದಲು ಮಣ್ಣಿನ ಮಡಕೆ ಇಡಿ. ಸ್ಟೀಲ್ ಲೋಟ ಆಮೇಲೆ, ಯಾಕಂದ್ರೆ ಸ್ಟೀಲಲ್ಲಿ ಕಿಟಕಿ, ಯೂನಿಫಾರ್ಮು, ಪಕ್ಕದವನ ಮುಖ ಎಲ್ಲ ಕಾಣುತ್ತೆ, ಶುರುವಲ್ಲೇ ಅದು ಬೇಡ.

ನಂಗೆ ಎಲ್ಲಕ್ಕಿಂತ ಇಷ್ಟ ದಾಸವಾಳದ ಪಾಠ. ಮನೆ ಮುಂದೆ ಇರೋ ಕೆಂಪು ಒಂಟಿ ದಾಸವಾಳ, ದಿನಾ ದೇವರಿಗೆ ಕಿತ್ತಿಡೋ ಹೂವು, ಆದ್ರೂ ನೋಡದೆ ಬರೀರಿ ಅಂದ್ರೆ ನಡುವೆ ಒಂದು ಸೊನ್ನೆ ಸುತ್ತ ಐದು ದಳ ಬರುತ್ತೆ. ನಾನು ಒಬ್ಬೊಬ್ಬರ ಕೈಗೂ ಒಂದೊಂದು ಹೂವು ಕೊಟ್ಟು ಸುಮಾರು ಹೊತ್ತು ಪೆನ್ಸಿಲ್ ಮುಟ್ಟಬೇಡಿ ಅಂತೀನಿ, ಬರೀ ನೋಡಿ, ಕಂಡಿದ್ದನ್ನ ಹೇಳಿ. ಮೊದಲು ಕೆಂಪು, ಮೆತ್ತಗೆ ಅಂತ ಶುರುವಾಗುತ್ತೆ. ಆಮೇಲೆ ಯಾರಾದ್ರೂ ಒಬ್ಳು ಹೇಳ್ತಾಳೆ, ಎಸಳುಗಳು ಒಂದರ ಮೇಲೊಂದು ಹತ್ತಿವೆ ಅಂತ. ಹೌದು, ಪ್ರತಿ ಎಸಳಿನ ಒಂದು ಅಂಚು ಪಕ್ಕದ ಎಸಳಿನ ಮೇಲೆ, ಇನ್ನೊಂದು ಅಂಚು ಆಚೆ ಎಸಳಿನ ಕೆಳಗೆ, ಐದೂ ಒಂದೇ ದಿಕ್ಕಿಗೆ ಸುತ್ತಿರುತ್ವೆ. ನಡುವಿನ ಕಡ್ಡಿ ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡು, ಅದರ ಕೆಳಗೆ ಹಳದಿ ಪರಾಗದ ಎಳೆಗಳು. ಎಲೆ ಅಂಚು ತುದಿ ಕಡೆ ಗರಗಸದ ಥರ ಹಲ್ಲು ಹಲ್ಲು, ತೊಟ್ಟಿನ ಹತ್ರ ನುಣುಪು. ಇಷ್ಟೆಲ್ಲ ಕಂಡ್ಮೇಲೆ ಪೆನ್ಸಿಲ್ ಹಿಡಿದ್ರೆ ಬರೋ ಹೂವೇ ಬೇರೆ, ಡ್ರಾಯಿಂಗ್ ಬರಲ್ಲ ಅಂತ ಹಿಂದಿನ ಬೆಂಚಲ್ಲಿ ಕೂರೋ ಮಕ್ಕಳದ್ದೂ.

ಬೆಟ್ಟಕ್ಕೂ ಇದೇ ಮಾತು. ಹತ್ರದ ಬೆಟ್ಟ, ದೂರದ ಬೆಟ್ಟ ಎರಡಕ್ಕೂ ಒಂದೇ ಹಸಿರು ತುಂಬೋ ಮಕ್ಕಳಿಗೆ ನಾನು ಕೆ. ವೆಂಕಟಪ್ಪ ಅವರ ಊಟಿ, ಕೊಡೈಕೆನಾಲ್ ಜಲವರ್ಣ ತೋರಿಸ್ತೀನಿ. ವೆಂಕಟಪ್ಪ 1886ರಲ್ಲಿ ಹುಟ್ಟಿ, ಕಲ್ಕತ್ತಾದಲ್ಲಿ ಅವನೀಂದ್ರನಾಥ ಠಾಕೂರರ ಹತ್ರ ಕಲ್ತು ಬಂದ ನಮ್ಮೋರು, ಮಂಜಿನಲ್ಲಿ ದೂರ ಹೋಗ್ತಾ ಹೋಗ್ತಾ ಬಣ್ಣ ಹೇಗೆ ತೆಳ್ಳಗಾಗುತ್ತೆ ಅನ್ನೋದನ್ನ ಅಷ್ಟು ತಾಳ್ಮೆಯಿಂದ ನೋಡಿದೋರು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿ ಇದೆ, ನೋಡಿ ಬನ್ನಿ ಅಂತ ಪ್ರತಿ ಬ್ಯಾಚಿಗೂ ಹೇಳ್ತೀನಿ.

ಈಗ ಮೊಬೈಲ್ ವಿಷಯ. ಒಂಬತ್ತು, ಹತ್ತನೇ ಕ್ಲಾಸಿನ ಎಷ್ಟೋ ಹುಡುಗ್ರು ಪುನೀತ್ ಫೋಟೋ ನೋಡ್ಕೊಂಡು ಗ್ರಿಡ್ ಹಾಕಿ, ಅಂದ್ರೆ ಫೋಟೋ ಮೇಲೂ ಹಾಳೆ ಮೇಲೂ ಚೌಕ ಚೌಕ ಗೆರೆ ಎಳ್ಕೊಂಡು, ಒಂದೊಂದು ಕೂದಲೂ ಬಿಡದೆ ಬರ್ಕೊಂಡು ಬರ್ತಾರೆ. ಆ ಪ್ರೀತಿ ನಿಜ, ಆ ಶ್ರಮಾನೂ ನಿಜ, ನಾನು ಅದನ್ನ ಗೋಡೆಗೆ ಹಾಕ್ತೀನಿ. ಆದ್ರೆ ಅದೇ ಹುಡುಗಂಗೆ ಎದುರಿಗೆ ಕೂತಿರೋ ಗೆಳೆಯನ್ನ ಬರಿಯೋ ಅಂದ್ರೆ ಕೈ ನಿಂತುಬಿಡುತ್ತೆ. ಫೋಟೋದಲ್ಲಿ ಮುಖ ಆಗ್ಲೇ ಚಪ್ಪಟೆ ಆಗಿದೆ, ಬೆಳಕು ಆಗ್ಲೇ ನಿಂತಿದೆ, ಯಾವುದನ್ನ ಬಿಡ್ಬೇಕು ಯಾವುದನ್ನ ಹಿಡೀಬೇಕು ಅನ್ನೋದನ್ನ ಕ್ಯಾಮೆರಾ ತೀರ್ಮಾನ ಮಾಡಿ ಕೊಟ್ಟಿದೆ. ಎದುರಿಗಿರೋ ಗೆಳೆಯ ಉಸಿರಾಡ್ತಾನೆ, ಕತ್ತು ತಿರುಗಿಸ್ತಾನೆ, ನಗ್ತಾನೆ. ಅಂಥ ಒಬ್ಬ ಹುಡುಗಂಗೆ ನಾನು ಪೂರ್ತಿ ಮುಖ ಬೇಡ, ಬರೀ ಕಿವಿ ಬರಿ ಅಂದೆ. ಅರ್ಧ ಪೀರಿಯಡ್ ಕಿವಿ ನೋಡ್ತಾ ಕೂತ. ಹುಬ್ಬಿನ ಮಟ್ಟದಿಂದ ಮೂಗಿನ ಬುಡದ ತನಕ ಕಿವಿ ಬರುತ್ತೆ ಅಂತ ಅವನೇ ಪೆನ್ಸಿಲ್ ಅಡ್ಡ ಹಿಡಿದು ಕಂಡ್ಕೊಂಡ. "ಇಷ್ಟು ದೊಡ್ಡದಾ ಮಿಸ್ ಕಿವಿ?" ಅಂದ. ಮುಂದಿನ ವಾರ ಕಣ್ಣು ತಲೆಯ ಹತ್ತಿರ ಹತ್ತಿರ ಅರ್ಧಕ್ಕೆ ಇರುತ್ತೆ, ನಾವೆಲ್ಲ ತೀರಾ ಮೇಲೆ ಬರೀತೀವಿ ಅಂತ ಅವನೇ ಪಕ್ಕದವರಿಗೆ ಹೇಳಿಕೊಡ್ತಿದ್ದ.

ನಮ್ಮದು ಹಾಸನ ಕಡೆ ಸ್ಕೂಲು, ಹಾಗಾಗಿ ಹಳೇಬೀಡು ನಮಗೆ ಕ್ಲಾಸ್‌ರೂಮೇ. ಪ್ರವಾಸ ಅಂದ್ರೆ ಗೈಡ್ ಹಿಂದೆ ಓಡಿ ಸೆಲ್ಫಿ ತಗೊಂಡು ಬರೋದಲ್ಲ, ಗೋಡೆಯ ಒಂದು ಮಾರು ಜಾಗ ಹಿಡ್ಕೊಂಡು ಅದರ ಎದುರು ಎಕ್ಸಾಮ್ ಪ್ಯಾಡ್ ಇಟ್ಕೊಂಡು ಕೂತುಬಿಡಿ ಅಂತೀನಿ. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯ ತೀರಾ ಕೆಳಗಿನ ಸಾಲು ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಹಾಗೇ ಮೇಲಕ್ಕೆ ರಾಮಾಯಣ ಮಹಾಭಾರತದ ಕತೆಗಳು, ಮಕರ, ಹಂಸ. ದೂರದಿಂದ ಆನೆಗಳೆಲ್ಲ ಒಂದೇ ಥರ. ಕೂತು ಬರೆಯೋಕೆ ಶುರು ಮಾಡಿದ್ರೆ ಒಂದರ ಸೊಂಡಿಲು ಒಳಕ್ಕೆ ಸುತ್ತಿದೆ, ಇನ್ನೊಂದರ ಕಾಲು ಎತ್ತಿದೆ, ಮತ್ತೊಂದು ತಲೆ ತಗ್ಗಿಸಿದೆ. 12ನೇ ಶತಮಾನದಲ್ಲಿ ಆ ಬಳಪದ ಕಲ್ಲಲ್ಲಿ ಉಳಿ ಹಿಡಿದ ಕೈ ನಿಜವಾದ ಆನೆನ ಎಷ್ಟು ಸಲ ನಿಂತು ನೋಡಿರ್ಬೇಕು ಅಂತ ಯೋಚನೆ ಬಂದ್ರೆ ಮೈ ಜುಂ ಅನ್ನುತ್ತೆ. ಬೇಲೂರು, ಸೋಮನಾಥಪುರದ ಜೊತೆ ಇದು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರ್ತು, ಸಂತೋಷ, ಆದ್ರೆ ಪಕ್ಕದ ಊರಿನ ಮಕ್ಕಳು ಆ ಸಾಲಿನ ಒಂದಾದ್ರೂ ಆನೆನ ಕೈಯಾರೆ ಬರೀಬೇಕು ಅನ್ನೋದು ನನ್ನ ಆಸೆ.

ಬೇಜಾರಿನ ಸಂಗತಿ ಏನಂದ್ರೆ ಜನವರಿ ಬಂತಂದ್ರೆ ಎಸ್ಸೆಸ್ಸೆಲ್ಸಿ ರಿವಿಷನ್ ಅಂತ ಡ್ರಾಯಿಂಗ್ ಪೀರಿಯಡ್ ಬೇರೆ ಸಬ್ಜೆಕ್ಟಿಗೆ ಹೋಗುತ್ತೆ. ನಾನು ಕೆಲಸ ಮಾಡಿದ ಕಡೆ ಎಲ್ಲ ಇದೇ. ಪಾಸಿಂಗ್ ಪರ್ಸೆಂಟೇಜ್ ಒತ್ತಡ ಇರೋದು ನಂಗೂ ಗೊತ್ತು. ಆದ್ರೆ ಅದೇ ಮಕ್ಕಳು ವಿಜ್ಞಾನದ ಪೇಪರಲ್ಲಿ ಚಿತ್ರ ಬರೆದು ಭಾಗ ಗುರುತಿಸ್ಬೇಕು, ಹೂವಿನ ಸೀಳುನೋಟ ಬಾಯಿಪಾಠದಿಂದ ಬರೆಯೋ ಮಗುಗೂ, ದಾಸವಾಳ ಸೀಳಿ ನೋಡಿ ಬರ್ದಿರೋ ಮಗುಗೂ ಎಷ್ಟು ವ್ಯತ್ಯಾಸ ಅಂತ ನಮ್ಮ ವಿಜ್ಞಾನದ ಮೇಡಂನೇ ಹೇಳ್ತಾರೆ. ಮಾರ್ಕ್ಸ್ ಪಕ್ಕಕ್ಕಿಟ್ರೂ ಹದಿನಾಲ್ಕು ಹದಿನೈದರ ಮಗು ಒಂದು ವಸ್ತುವಿನ ಎದುರು ಮುಕ್ಕಾಲು ಗಂಟೆ ಸುಮ್ಮನೆ ಕೂರೋ ಅವಕಾಶ ಇಡೀ ದಿನದಲ್ಲಿ ಬೇರೆಲ್ಲಿ ಸಿಗುತ್ತೆ ಹೇಳಿ? ವಾರಕ್ಕೆ ಒಂದೇ ಪೀರಿಯಡ್ ಆದ್ರೂ ಮಾರ್ಚ್ ತನಕ ಬಿಟ್ಕೊಡಿ ಅಂತ ಈ ಸಲ ಮೀಟಿಂಗಲ್ಲಿ ಕೇಳಿದೀನಿ, ಕೇಳ್ತಾನೂ ಇರ್ತೀನಿ.

ದಸರಾ ರಜೆ ಮುಗಿದ ಮೇಲೆ ಆಕೃತಿ ಚಿತ್ರ ಶುರು, ಒಬ್ಬರು ಎರಡು ನಿಮಿಷ ನಿಲ್ಲೋದು, ಉಳಿದೋರು ಸರಸರ ಬರೆಯೋದು. ಇದಕ್ಕೆ ಪೇಪರ್ ಸಿಕ್ಕಾಪಟ್ಟೆ ಬೇಕು, ಡ್ರಾಯಿಂಗ್ ಶೀಟ್ ಕೊಂಡು ಪೂರೈಸಲ್ಲ. ಹಾಸನ, ಅರಸೀಕೆರೆ, ಬೇಲೂರು ಕಡೆ ಇರೋರು ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಹಿಂಬದಿ ಖಾಲಿ ಇರೋ ಹಳೇ ಕ್ಯಾಲೆಂಡರ್ ಇದ್ರೆ ಎಸೀಬೇಡಿ, ಸುರುಳಿ ಸುತ್ತಿ ಇಟ್ಟಿರಿ, ಕಾಮೆಂಟಲ್ಲಿ ಒಂದು ಮಾತು ಹಾಕಿದ್ರೆ ನಾನೇ ಬಂದು ತಗೊಂಡು ಹೋಗ್ತೀನಿ.